ಮದರಂಗಿ ಮನೆಯ ನಗು

ಸಿಗಡಿಯ ಬೆನ್ನು ಸೀಳಿದರೆ ಕಪ್ಪು ನರ ನೂಲಿನ ಹಾಗೆ ಎದ್ದು ಬರುತ್ತದೆ, ಝುಲೈಖಾ ಅದನ್ನು ಉಗುರಿನಿಂದ ಎಳೆದು ಸಿಂಕಿನ ಅಂಚಿಗೆ ಒರೆಸುತ್ತಾಳೆ, ಇನ್ನೊಂದು, ಮತ್ತೊಂದು — ಮಾತಾಡುವವರೆಲ್ಲ ಹಾಲ್‌ನಲ್ಲಿ, ಗಂಡ ಸರ್ಫರಾಝ್, ಶುಕ್ರವಾರದ ಜುಮಾ ನಮಾಝ್ ಮುಗಿಸಿ ಪಟ್ಟಣದಾಚೆಯ ಅಲ್ ವುಕೈರ್‌ನಿಂದ ಊಟಕ್ಕೆ ಬಂದ ಅವನ ಅಣ್ಣ ಅಝರ್, ಅಝರ್‌ನ ಹೆಂಡತಿ ನಹ್ಲಾ. ಅಝರ್ ರಜೆಯಲ್ಲಿ ಊರಿಗೆ ಹೋದಾಗ ತಂದ ನಗುವ ಪಿಕ್ಚರ್ ಹಾಕಿದ್ದಾರೆ, ನಹ್ಲಾಳ ತಮ್ಮನ ದೋಸ್ತಿ ತೆಗೆದದ್ದು, ಲವ್‌ನ ಕತೆ, ಕೈಯಲ್ಲಿ ಕಾಸಿಲ್ಲ ಮಾರಾಯ ಅವನದ್ದು, ಎನ್ನುತ್ತಾನೆ ಅಝರ್, ಥಿಯೇಟರೂ ಸಿಗಲಿಲ್ಲ, ಸೀದಾ ಡಿವಿಡಿ, ಹೀರೋನ ಪ್ಯಾಂಟ್ ನೋಡು ಹೇಗುಂಟು, ಡ್ರೈವರನದ್ದು ಕೇಳಿ ತಂದದ್ದೋ ಎಂತದೋ — ಬಿದ್ದು ಬಿದ್ದು ನಗುತ್ತಿದ್ದವರು ಒಮ್ಮೆಗೇ ನಗು ನಿಲ್ಲಿಸಿದರು. ಝುಲೈಖಾ, ಇಲ್ಲಿ ಬಾ. ಆ ತಣ್ಣನೆಯ ಸ್ವರ ಅವಳಿಗೆ ಗೊತ್ತು, ಹೊಡೆಯುವ ಮೊದಲು ಸರ್ಫರಾಝ್ ಹೀಗೆಯೇ ಮೆಲ್ಲಗೆ ಕರೆಯುವುದು. ಕೈ ತೊಳೆಯದೆ ಬಂದಳು. ಟಿವಿಯಲ್ಲಿ ಅವಳೇ, ತಲೆಯಲ್ಲಿ ವಸ್ತ್ರವಿಲ್ಲ, ಕೂದಲು ಬಿಚ್ಚಿದೆ, ಬಾಯಿ ತೆರೆದು ನಗುತ್ತಿದ್ದಾಳೆ. ಯಾರಿದು, ಹೇಳು, ಯಾರು — ಕೆನ್ನೆಗೆ ಬಿತ್ತು, ಕಿವಿಯೊಳಗೆ ಶಿಳ್ಳೆ, ಸರ್ಫರಾಝ್ ಪಿಕ್ಚರ್ ಹಿಂದಕ್ಕೆ ಓಡಿಸಿದ, ಯಲ್ಲಾ, ಬಾ, ಇನ್ನೊಮ್ಮೆ ನೋಡುವ, ಹೀರೋ ಕಣ್ಣು ಹೊಡೆದ, ಅವನು ಹೊಡೆದದ್ದಕ್ಕೇ ಎಂಬ ಹಾಗೆ ಅವಳು ನಕ್ಕಳು, ಅಲ್ಲಿಗೇ ನಿಲ್ಲಿಸಿದ, ರಿಮೋಟ್ ಬಂದು ಹುಬ್ಬಿಗೆ ಬಡಿಯಿತು, ಬ್ಯಾಟರಿಗಳು ಸೋಫಾದಡಿಗೆ ಉರುಳಿದವು. ಸಾಕು ಮಾರಾಯ, ಊಟ ಮಾಡುವ, ಎನ್ನುತ್ತಾನೆ ಅಝರ್, ಏಳುವುದಿಲ್ಲ.

ಆ ಹೀರೋನನ್ನು ಅವಳು ನೋಡಿದ್ದೇ ಈಗ. ಅವಳು ನಕ್ಕದ್ದು ಊರಿನಲ್ಲಿ, ನಹ್ಲಾಳ ತಂಗಿಯ ಮದುವೆಯ ಮದರಂಗಿಯಲ್ಲಿ, ಒಳಗೆ ಹೆಂಗಸರು ಮಾತ್ರ, ಕ್ಯಾಮರಾ ಹಿಡಿದವಳೂ ಹುಡುಗಿ, ಅದಕ್ಕೇ ಎಲ್ಲರೂ ತಲೆಯ ವಸ್ತ್ರ ತೆಗೆದು ಕೈ ತಟ್ಟಿ ಹಾಡಿದ್ದು, ನಾಚಬೇಡ ಮಾರಾಯ್ತಿ, ಮನೆಯ ವೀಡಿಯೊ ಇದು, ಗಂಡಸರು ಯಾರು ನೋಡ್ತಾರೆ, ಎಂದು ಅವಳ ವಸ್ತ್ರ ಎಳೆದವಳು ನಹ್ಲಾಳೇ, ಪಕ್ಕದಲ್ಲೇ ಕುಣಿದವಳೂ ಅವಳೇ — ಟಿವಿಯಲ್ಲಿ ಅಂಚಿಗೆ ಅವಳ ಒಂದು ಕೈ, ಹಸಿರು ಬಳೆ, ಅಷ್ಟೇ, ಮುಖ ಕತ್ತರಿಸಿಹೋಗಿದೆ. ಆ ವೀಡಿಯೊವನ್ನು ಪಿಕ್ಚರ್ ತೆಗೆದ ದೋಸ್ತಿಗೆ ಕೊಟ್ಟದ್ದು ನಹ್ಲಾಳ ತಮ್ಮ, ಇನ್ಯಾರ ಕೈಯಲ್ಲಿತ್ತು ಅದು, ಮದುವೆಯ ಸೀನಿಗೆ ಕಾಸು ಖರ್ಚಿಲ್ಲದೆ ಮದುವೆ ಸಿಕ್ಕಿತು. ಇದೆಲ್ಲ ಹೇಳಬೇಕು, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬಾಯಿಗೆ ಮಾತು ಬರುವುದಿಲ್ಲ, ಮದರಂಗಿ, ಮದರಂಗಿ ಎಂದಷ್ಟೇ ಬಂತು, ಕೂದಲು ಅವನ ಮುಷ್ಟಿಯಲ್ಲಿದೆ, ಹಣೆ ಗೋಡೆಗೆ ತಾಗಿತು, ಮತ್ತೆ ತಾಗಿತು, ಬಿಸಿಯಾದದ್ದೇನೋ ಕಣ್ಣಿಗೆ ಇಳಿಯಿತು, ಖಲಾಸ್, ನಾಳೆ ಊರಿಗೆ ವಿಮಾನದ ಟಿಕೆಟ್ ತೆಗೆಯುತ್ತೇನೆ, ನಿನ್ನಪ್ಪನ ಮನೆಗೆ ಹೋಗಿ ಹಲ್ಲು ಕಿರಿ. ರಿಮೋಟ್ ಒಡೆದು ಟಿವಿ ಅಲ್ಲೇ ನಿಂತಿದೆ, ತೆರೆದ ಬಾಯಿ, ಬಿಚ್ಚಿದ ಕೂದಲು. ನಹ್ಲಾಗೆ ಎಲ್ಲ ಗೊತ್ತು, ಹೇಳಿದರೆ ತಮ್ಮನ ಹೆಸರು ಬರುತ್ತದೆ, ಅವಳೂ ತಲೆಯ ವಸ್ತ್ರವಿಲ್ಲದೆ ಕುಣಿದದ್ದು ಬರುತ್ತದೆ, ಹೊಡೆಯುವುದರಲ್ಲಿ ಅಝರ್‌ನ ಕೈ ಕೂಡ ಸಣ್ಣದಲ್ಲ, ಅವಳು ಕಾರ್ಪೆಟ್ ನೋಡುತ್ತಿದ್ದಾಳೆ, ವಸ್ತ್ರವನ್ನು ಹಣೆಯವರೆಗೆ ಎಳೆದುಕೊಂಡಿದ್ದಾಳೆ, ಟಿವಿಯಲ್ಲಿ ಬಾಯಿ ತೆರೆದೇ ಇದೆ, ಅಷ್ಟೊಂದು ಹಲ್ಲು, ಸರ್ಫರಾಝ್ ಬೆಲ್ಟಿಗೆ ಕೈ ಹಾಕಿದ, ಬಾಯಿ ತೆರೆದೇ ಇದೆ, ನಗುತ್ತಲೇ ಇದೆ — ನಹ್ಲಕ್ಕ, ನೀವೂ ಅಲ್ಲಿದ್ದಿರಿ, ಒಂದು ಮಾತು ಹೇಳಿ.

ನಹ್ಲಕ್ಕ, ಹೇಳಿ.