ಅರ್ಧ ಲೋಟ ಚಹಾ

"ಅಮ್ಮಾ, ಬಲಗೈ ನಡುಕ ಈಗ ಹೇಗಿದೆ?"

ಫೋನಿನಲ್ಲಿ ಕೇಳಿದ ದನಿ ಅಪರಿಚಿತ, ಆದರೆ ತುಂಬ ಮೃದು. ಮೇಜಿನ ಮುಂದೆ ನಿಂತು ಕೋಟಿನ ಬಟ್ಟೆ ಕತ್ತರಿಸುತ್ತಿದ್ದ ಅವಳು ಕತ್ತರಿಯನ್ನು ಕೆಳಗಿಟ್ಟಳು. ಇಪ್ಪತ್ತಾರು ವರ್ಷದಿಂದ ಈ ಹೊಲಿಗೆ ಅಂಗಡಿಯ ಕತ್ತರಿ ಅವಳದೇ. ಹೋದ ವರ್ಷ ಶುರುವಾದ ನಡುಕದ ಸಂಗತಿ ಡಾಕ್ಟರನ್ನು ಬಿಟ್ಟರೆ ತಂಗಿಗೆ ಮಾತ್ರ ಹೇಳಿದ್ದಳು. ಮಾಲೀಕರ ಕಿವಿಗೆ ಬಿದ್ದರೆ ಕೆಲಸ ಹೋದಂತೆಯೇ.

"ಯಾರಪ್ಪಾ ನೀನು?"

"ಹಿತೈಷಿ ಅಂದ್ಕೊಳ್ಳಿ. ನಿಮ್ಮ ತಂಗಿಯವರು ನಮ್ಮ ಫೋನ್ ಎತ್ತುತ್ತಿಲ್ಲ. ನೀವೊಂದು ಮಾತು ಹೇಳಿ."

ಅಕ್ಕನ ಫೋನನ್ನು ತಂಗಿ ಮೊದಲ ಗಂಟೆಗೇ ಎತ್ತಿದಳು. ವಿಷಯ ಕೇಳಿ ಅತ್ತೇಬಿಟ್ಟಳು. ಮೊಬೈಲಿನಲ್ಲೇ ಸಿಗುವ ಸಾಲ ತೆಗೆದುಕೊಂಡಿದ್ದಳು. ಎರಡು ಕಂತು ತಪ್ಪಿತ್ತು. ಸಾಲ ಕೊಡುವ ಮೊದಲೇ ಕಂಪನಿಯವರು ಅವಳ ಫೋನಿನಲ್ಲಿದ್ದ ಹೆಸರು, ನಂಬರುಗಳನ್ನೆಲ್ಲ ಬಾಚಿಕೊಂಡಿದ್ದರು.

"ಅದ್ರಲ್ಲಿ ನನ್ನ ಕೈ ವಿಷಯ ಎಲ್ಲಿಂದ ಬಂತೇ?"

"ನಿನ್ನ ಹೆಸರಿನ ಜೊತೆ ಬರ್ಕೊಂಡಿದ್ದೆ ಅಕ್ಕಾ. 'ಅಕ್ಕ, ಬಲಗೈ ನಡುಕ, ಹತ್ತು ಗಂಟೆಗೆ ಮಾತ್ರೆ ನೆನಪಿಸು' ಅಂತ." ಮೂಗು ಒರೆಸಿಕೊಂಡು ಮತ್ತೆ ಅಂದಳು, "ಹೆದರ್ಬೇಡ. ಹೊಸ ಕಾನೂನು ಬಂದಿದೆ. ಸಾಲ ವಸೂಲಿಗೆ ಅಂತ ಬಂಧುಗಳಿಗೆ, ಕೆಲಸದ ಜಾಗಕ್ಕೆ ಫೋನ್ ಮಾಡೋ ಹಾಗಿಲ್ಲ. ದೂರು ಕೊಟ್ಟಿದ್ದೀನಿ."

"ಕೆಲಸದ ಜಾಗಾನಾ? ನಮ್ಮ ಮಾಲೀಕರ ನಂಬರೂ ಇಟ್ಕೊಂಡಿದ್ದೀಯಾ?"

ತಂಗಿ ಮತ್ತೆ ಅಳತೊಡಗಿದಳು.

ಗುಂಡಿ ಹೊಲಿಯುವ ಗೆಳತಿ ಫ್ಲಾಸ್ಕ್ ಹಿಡಿದು ಬಂದಳು. ವರ್ಷದಿಂದ ಇದೇ ಕಥೆ, ಎಲ್ಲರಿಗೂ ಲೋಟ ತುಂಬ, ಇವಳಿಗೆ ಅರ್ಧ.

"ತುಂಬ ಬಗ್ಗಿಸೇ ಜಿಪುಣಿ. ನಿಮ್ಮಪ್ಪನ ಮನೆ ಗಂಟೇನು?"

"ಇದನ್ನ ಮುಗಿಸು, ಇನ್ನರ್ಧ ಕೊಡ್ತೀನಿ. ಫ್ಲಾಸ್ಕಿಗೇನು ಕಾಲಿದೆಯಾ ಓಡಿಹೋಗೋಕೆ?"

ಅಷ್ಟರಲ್ಲಿ ಅದೇ ಮೃದು ದನಿಯವನ ಫೋನ್ ಮತ್ತೆ ಬಂತು. ಈ ಸಲ ಅವಳು ಗೋಡೆಯತ್ತ ತಿರುಗಿ, ದನಿ ತಗ್ಗಿಸಿ, ಕಾನೂನಿನ ಮಾತೆತ್ತಿದಳು.

"ನಾನೂ ಓದಿದ್ದೀನಮ್ಮಾ. ನಿಮ್ಮ ಹತ್ರ ಸಾಲದ ಮಾತು ಆಡಬಾರದು. ಆಡಿದ್ನಾ? ಆರೋಗ್ಯ ವಿಚಾರಿಸಿದೆ, ಅಷ್ಟೆ. ನಿಮ್ಮ ಮಾಲೀಕರ ಹತ್ರಾನೂ ಅಷ್ಟೇ ವಿಚಾರಿಸ್ತೀನಿ. ಚೆನ್ನಾಗಿರಿ."

ಸ್ವಲ್ಪ ಹೊತ್ತಿಗೆ ಗಾಜಿನ ಬಾಗಿಲಿನಾಚೆ ಮಾಲೀಕರ ಫೋನ್ ಹೊಡೆದುಕೊಂಡಿತು. ಅವರು ನಗುತ್ತಲೇ ಎತ್ತಿದರು. ಆಮೇಲೆ ನಗಲಿಲ್ಲ. ಅವರ ನೋಟ ಗಾಜನ್ನು ದಾಟಿ ಮೇಜಿನವರೆಗೆ ಬಂದು ನಿಂತಿತು. ಅವಳು ಬಲಗೈಯನ್ನು ಬಟ್ಟೆಯ ಮಡಿಕೆಯೊಳಗೆ ಸೇರಿಸಿದಳು.

ಹೊರಗೆ ಬಂದವರು ಅವಳ ಮುಖ ನೋಡದೆ ಹೇಳಿದರು, "ಆ ಕೋಟಿನ ಬಟ್ಟೆ ಇವತ್ತು ಬೇಡ. ಇರಲಿ." ಹೋಗುವಾಗ ಕತ್ತರಿಯನ್ನೂ ಎತ್ತಿಕೊಂಡು ಹೋದರು.

ಗೆಳತಿ ಮತ್ತೆ ಫ್ಲಾಸ್ಕ್ ಹಿಡಿದು ಬಂದಳು. ಆರಿಹೋಗಿದ್ದ ಚಹಾ ಚೆಲ್ಲಿ, ಲೋಟಕ್ಕೆ ಬಿಸಿಯಾಗಿ ಬಗ್ಗಿಸಿದಳು. ಅರ್ಧಕ್ಕೆ ನಿಲ್ಲಿಸಿ, ಅವಳ ಬಲಗೈಗೇ ಕೊಟ್ಟಳು.

ಕೈ ನಡುಗಿತು. ಚಹಾ ಲೋಟದೊಳಗೆ ಏರಿ, ಅಂಚಿನ ಹತ್ತಿರ ಬಂದು, ಮತ್ತೆ ಇಳಿಯಿತು. ಒಂದು ಹನಿಯೂ ಚೆಲ್ಲಲಿಲ್ಲ. ಅವಳು ಅದನ್ನೇ ನೋಡುತ್ತ ನಿಂತಳು.