ಜಡೆಪ್ಪ ಸತ್ತ ತಾರೀಖು

ಕುರುಗೋಡಿನ ನಮ್ಮ ಹೈಸ್ಕೂಲಿನ ಗೇಟಿಗೆ ಕಟ್ಟಿದ್ದ ಆ ಫ್ಲೆಕ್ಸ್ ನೋಡಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ಹನ್ನೆರಡು ಅಡಿಯ ಫ್ಲೆಕ್ಸಿನಲ್ಲಿ ಎಂಟು ಅಡಿ ಚಿದಾನಂದಪ್ಪನ ಮುಖ. ಕೈ ಮುಗಿದು ನಗುತ್ತಿದ್ದಾನೆ, ಢಾಕಾವನ್ನು ಅವನೇ ಗೆದ್ದು ಬಂದವನ ಹಾಗೆ. ಉಳಿದ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ನಾನು ಎರಡು ವಾರ ಕೂತು ಬರೆದ ಪಟ್ಟಿ: 'ಡಿಸೆಂಬರ್ 16, ಚರಿತ್ರೆಯ ರಣದಿನ'.

ನಾನು ಸುಮೇಧಾ. ಇತಿಹಾಸದ ಟೀಚರು. ಮನೆ ಬಳ್ಳಾರಿಯಲ್ಲಿ, ಕೆಲಸ ಇಲ್ಲಿ, ಬದುಕು ಬಸ್ಸಿನಲ್ಲಿ. ಸೇವೆಗೆ ಸೇರಿ ಇಪ್ಪತ್ತೆಂಟು ವರ್ಷ. ಅದರಲ್ಲಿ ಹನ್ನೊಂದು ವರ್ಷ ಸಿರುಗುಪ್ಪದಲ್ಲಿ ಕಳೆದು, ಕುರುಗೋಡಿಗೆ ಬಂದು ಇದು ಆರನೆಯ ವರ್ಷ. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ತಾರೀಖು ಟೀಚರ್' ಎನ್ನುತ್ತಾರೆ. ಬೈಗುಳವೆಂದು ಅವರು ಅಂದುಕೊಂಡಿದ್ದಾರೆ, ನಾನು ಬಿರುದು ಅಂದುಕೊಂಡಿದ್ದೇನೆ. ಬೆಳಗಿನ ಪ್ರಾರ್ಥನೆಯಲ್ಲಿ ದಿನದ ವಿಶೇಷ ಓದುವುದು ನನ್ನದೇ ಪಾಲು. ಯಾವ ದಿನ ಯಾರು ಯಾರನ್ನು ಸೋಲಿಸಿದರು ಎಂದು ಕೇಳಿ, ಹೇಳುತ್ತೇನೆ.

ಚಿದಾನಂದಪ್ಪ ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ. ವಿಜಯ ದಿನ ಮಾಡೋಣ, ಭಾರಿ ಆಗಬೇಕು, ಲೋಕದಲ್ಲಿ ಆ ದಿನ ನಡೆದ ಯುದ್ಧವೆಲ್ಲ ಬರಬೇಕು ಎಂದು ನನ್ನ ಬೆನ್ನು ಹತ್ತಿದ್ದ. ಬರೆದುಕೊಟ್ಟೆ. 1598ರಲ್ಲಿ ಕೊರಿಯಾದ ಕಡಲಲ್ಲಿ ಜಪಾನಿನ ಹಡಗುಗಳನ್ನು ಮುಳುಗಿಸಿ ತಾನೂ ಗುಂಡಿಗೆ ಬಲಿಯಾದ ನೌಕಾಧಿಪತಿ. 1740ರಲ್ಲಿ ಪ್ರಷ್ಯಾದ ಸೇನೆ ಸೈಲೀಶಿಯಾಕ್ಕೆ ನುಗ್ಗಿದ್ದು. 1838ರಲ್ಲಿ ದಕ್ಷಿಣ ಆಫ್ರಿಕಾದ ಒಂದು ನದಿ ಜುಲು ಜನರ ನೆತ್ತರಿಂದ ಕೆಂಪಾದದ್ದು. 1914ರಲ್ಲಿ ಜರ್ಮನಿಯ ಹಡಗುಗಳು ಇಂಗ್ಲೆಂಡಿನ ಕರಾವಳಿ ಊರುಗಳ ಮೇಲೆ ಗುಂಡು ಸುರಿಸಿದ್ದು. 1944ರಲ್ಲಿ ಹಿಮದ ಕಾಡಿನಲ್ಲಿ ಹಿಟ್ಲರನ ಸೇನೆಯ ಕೊನೆಯ ದೊಡ್ಡ ದಾಳಿ. ಕಡೆಗೆ 1971, ಢಾಕಾ, ತೊಂಬತ್ತಮೂರು ಸಾವಿರ ಜನ ಶರಣು. ಅದರ ಕೆಳಗೆ ದಪ್ಪಕ್ಷರದಲ್ಲಿ ನನ್ನದೇ ವಾಕ್ಯ: 'ಯುದ್ಧ ಮುಗಿಯಿತು'.

ಕಾರ್ಯಕ್ರಮಕ್ಕೆ ಮೂರು ದಿನ ಇರುವಾಗ, ಮಧ್ಯಾಹ್ನದ ಊಟದ ಹೊತ್ತಿಗೆ, ಎಪ್ಪತ್ತು ದಾಟಿದ ಹೆಂಗಸೊಬ್ಬರು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತರು. ಹೆಸರು ಅಕ್ಕನಾಗಮ್ಮ. ಸಿರುಗುಪ್ಪದ ಹತ್ತಿರದ ದೇಶನೂರಿನಿಂದ ಬಸ್ಸು ಬದಲಿಸಿ ಬಂದಿದ್ದರು. ಹುತಾತ್ಮರ ಮನೆಯವರಿಗೆ ಸನ್ಮಾನ ಎಂಬ ಕರಪತ್ರ ಅವರ ಊರಿನವರೆಗೂ ಹೋಗಿತ್ತು.

"ಶಾಲು ಬ್ಯಾಡ ಟೀಚರಮ್ಮ, ಹಣ್ಣಿನ ಬುಟ್ಟಿನೂ ಬ್ಯಾಡ. ನಮ್ಮಣ್ಣ ಜಡೆಪ್ಪನ ಹೆಸರು ಒಂದ್ಸಲ ಮೈಕಿನ್ಯಾಗ ಕರೀರಿ, ಸಾಕು. ನಮ್ಮೂರ ಮಂದಿ ಬರ್ತಾರ. ಅವರ ಕಿವಿಗೆ ಬೀಳ್ಬೇಕು."

ಪ್ಲಾಸ್ಟಿಕ್ ಕವರಿನೊಳಗಿಂದ ಸೇನೆಯ ಕಾಗದ ತೆಗೆದುಕೊಟ್ಟರು. ಮಡಿಕೆಗಳಲ್ಲಿ ಹರಿದು ಟೇಪು ಹಚ್ಚಿಸಿಕೊಂಡ ಕಾಗದ. ನನ್ನ ಕಣ್ಣು ಹೋದದ್ದು ತಾರೀಖಿಗೆ. ಪಶ್ಚಿಮ ಗಡಿ, 17 ಡಿಸೆಂಬರ್ 1971, ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷ.

"ಅಮ್ಮಾ, ಇದು ಹದಿನೇಳು. ನಮ್ಮ ಕಾರ್ಯಕ್ರಮ ಹದಿನಾರರದು. ಹದಿನಾರಕ್ಕ ಸಂಜಿ ನಾಲ್ಕೂವರಿಗೆ ಢಾಕಾದಾಗ ಸಹಿ ಬಿತ್ತು, ಯುದ್ಧ ಮುಗೀತು."

"ನಾಕು ಗಂಟಿ ಅಂದ್ರ ಹೊತ್ತು ಹುಟ್ಟಿದ್ದಿಲ್ಲ. ಹೊತ್ತು ಹುಟ್ಟೂ ತನಕ ಹಿಂದಿನ ದಿನಾನರಿ. ನಮ್ಮಣ್ಣ ಗುರುವಾರ ಸತ್ತಾನ. ಆ ವರ್ಷದಿಂದ ಹದಿನಾರಕ್ಕ ಎಡಿ ಇಡ್ತೀನಿ ನಾನು."

ನಾನು ನಕ್ಕೆ. ಇವತ್ತಿಗೂ ಆ ನಗೆ ನೆನೆದರೆ ನನ್ನ ಮೇಲೆ ನನಗೇ ಅಸಹ್ಯ. "ಮಿಲಿಟರಿ ಗಡಿಯಾರ ಮಧ್ಯರಾತ್ರಿಗೇ ತಾರೀಖು ಬದಲಿಸ್ತದಮ್ಮಾ, ಸೂರ್ಯನ್ನ ಕೇಳೂದಿಲ್ಲ" ಎಂದೆ. ಯಾರು ಹೇಳುತ್ತಿರುವುದು ನೋಡಿ! ಸೂರ್ಯೋದಯಕ್ಕೆ ಏಕಾದಶಿ ಇದೆಯೋ ಇಲ್ಲವೋ ಎಂದು ಪಂಚಾಂಗ ತಿರುವದೆ ಒಲೆ ಹಚ್ಚದ ಮನೆಯಲ್ಲಿ ಹುಟ್ಟಿದವಳು. ನಮ್ಮಪ್ಪ ಬೆಳಗಿನ ಜಾವ ಮೂರಕ್ಕೆ ಹೋದರು. ಅವರ ಶ್ರಾದ್ಧವನ್ನು ನಾವು ಯಾವ ಗಡಿಯಾರ ನೋಡಿ ಮಾಡುತ್ತೇವೆ? ನಮ್ಮ ಮನೆಯಲ್ಲಾದರೆ ಶಾಸ್ತ್ರ, ದೇಶನೂರಿನ ಅಕ್ಕನಾಗಮ್ಮ ಹೇಳಿದರೆ ಅಜ್ಞಾನ.

ಅವರು ಸಿಟ್ಟಾಗಲಿಲ್ಲ. ಸೆರಗು ಸರಿ ಮಾಡಿಕೊಂಡು ವಿಷಯ ಹೇಳಿದರು. "ಊರಾಗ ಏನಂತಾರ ಗೊತ್ತೇನ್ರಿ? ಯುದ್ಧ ಮುಗದ ಮ್ಯಾಲೆ ಹೆಂಗ ಸತ್ತಾ, ಗೆದ್ದ ಖುಷಿಗೆ ಕುಡದು ಎಲ್ಲ್ಯಾರ ಬಿದ್ದು ಸತ್ತಿರಬೇಕು ಅಂತಾರ. ಅವ ಚಾ ಸೈತ ಕುಡೀತಿದ್ದಿಲ್ಲ."

ಅಷ್ಟರಲ್ಲಿ ಚಿದಾನಂದಪ್ಪ ಒಳಗೆ ಬಂದ. ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ವಾಪಸು ಕೊಟ್ಟ. "ಹದಿನೇಳರೋರ್ನ ಹದಿನಾರಕ್ಕ ಕರದ್ರ ನಾಳಿ ಹದಿನೆಂಟರೋರು ಬರ್ತಾರ. ಮೇಡಮ್ಮೋರು ತಾರೀಖಿನ್ಯಾಗ ಪಕ್ಕಾ ಅದಾರ. ಅವರು ಇಲ್ಲ ಅಂದ್ರ ಇಲ್ಲ ಯಮ್ಮಾ."

ಅಕ್ಕನಾಗಮ್ಮ ಅವನ ಮುಖ ನೋಡಲೇ ಇಲ್ಲ, ನನ್ನನ್ನೇ ನೋಡಿದರು. ನಾನು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. "ಆತು, ನಾನಂತೂ ಬರ್ತೀನಿ. ಕೆಳಗ ಕುಂದರ್ತೀನಿ" ಎಂದು ಹೇಳಿ ಅವರು ಹೋದರು.

ಸಂಜೆ ಬಸ್ಸಿನಲ್ಲಿ ಕೂತು ಸಿರುಗುಪ್ಪದ ವಿರೂಪಾಕ್ಷಿಯವರಿಗೆ ಫೋನು ಮಾಡಿದೆ. ಎಪ್ಪತ್ತೊಂದರಲ್ಲಿ ಹೋರಾಡಿ ಬಂದ ಹವಾಲ್ದಾರರು, ಅತಿಥಿಯಾಗಿ ಬರಬೇಕಾದವರು. ಮೊಣಕಾಲು ನೋವು, ಬರಲಾಗದು ಎಂದರು. ಮಾತಿಗೆ ಮಾತು ಬಂದು ದೇಶನೂರಿನ ಹೆಂಗಸಿನ ಸೂರ್ಯನ ಲೆಕ್ಕವನ್ನೂ ಊರವರ ಕುಡಿತದ ಮಾತನ್ನೂ ತಮಾಷೆಯಾಗಿ ಹೇಳಿದೆ. ಕೂಡಲೇ ಫೋನು ಕಿವಿಯಿಂದ ದೂರ ಹಿಡಿಯುವಷ್ಟು ಜೋರಾಗಿ ಬಿದ್ದವು ಬೈಗುಳ.

"ಯುದ್ಧ ಹದಿನಾರಕ್ಕ ಮುಗೀತು ಅಂತ ಯಾರು ಹೇಳಿದ್ರಿ ನಿಮಗ? ಢಾಕಾ ಐತಿ ಪೂರ್ವಕ್ಕ. ನಾವಿದ್ದದ್ದು ಪಶ್ಚಿಮದಾಗ. ಸಹಿ ಹಾಕಿದ್ದು ನಮ್ಮ ಮುಂದಿದ್ದ ವೈರಿಗೆ ಕೇಳಿಸಿತ್ತೇನು? ಹದಿನೇಳಕ್ಕ ರಾತ್ರಿ ಎಂಟಕ್ಕ ಕದನವಿರಾಮ ಆತು. ಅವತ್ತ ನಸಿಕಿನ್ಯಾಗ ಗುಂಡು ಮಳಿ ಸುರದಂಗ ಸುರೀತಿದ್ವು. ನನ್ನ ಬಾಜೂಕಿದ್ದ ಇಬ್ರು ಹೋದ್ರು. ಅವರೂ ಕುಡದು ಸತ್ರೇನು? ಸಾಲಿ ಕಲಿಸ್ತೀರಂತ, ಥೂ!"

ಮನೆಗೆ ಬಂದವಳೇ ಪುಸ್ತಕ ತೆಗೆದೆ. ಪುಟ ತಿರುವಲೂ ಬೇಕಾಗಲಿಲ್ಲ. ಕದನವಿರಾಮ ಹದಿನೇಳಕ್ಕೆ ಎಂದು ನನ್ನ ಎರಡು ಪುಸ್ತಕಗಳಲ್ಲಿಯೂ ಇತ್ತು, ಒಂದರಲ್ಲಿ ನನ್ನದೇ ಪೆನ್ಸಿಲಿನ ಗೆರೆಯ ಕೆಳಗಿನ ಸಾಲಿನಲ್ಲಿ. ಹದಿನಾರು ಎಂಬಲ್ಲಿಗೆ ಗೆರೆ ಎಳೆದು ನಾನು ನಿಂತುಬಿಟ್ಟಿದ್ದೆ. ಮುಂದಿನ ಸಾಲು ಓದಿರಲಿಲ್ಲ. ಆಗ ನನಗೆ ಬಂದ ಸಿಟ್ಟಿಗೆ ಒಂದು ತಲೆ ಬೇಕಿತ್ತು, ಸಿಕ್ಕಿದ್ದು ಚಿದಾನಂದಪ್ಪನದು. ದೊಡ್ಡ ಮುಖ ನೋಡಿ, ಗುರಿ ಸುಲಭ.

ಹದಿನಾರರ ಬೆಳಿಗ್ಗೆ ಪೆಂಡಾಲಿನಲ್ಲೇ ಅವನನ್ನು ತಡೆದೆ. "ಪಟ್ಟಿ ತಪ್ಪಾಗೇದ. ಜಡೆಪ್ಪನ ಹೆಸರು ಕರೀಬೇಕು."

"ಫ್ಲೆಕ್ಸ್ ಪ್ರಿಂಟ್ ಆಗೇತಿ ಮೇಡಂ, ಟೆನ್ಷನ್ ತಗಾಬ್ಯಾಡ್ರಿ. ಮುಂದಿನ ವರ್ಷ ನೋಡಾಣು."

"ನಿಮ್ಮ ಫ್ಲೆಕ್ಸಿಗೆ ಬೆಂಕಿ ಹಾಕ!" ಎಂದೆ. ಪಕ್ಕದಲ್ಲಿ ಕುರ್ಚಿ ಹಾಕುತ್ತಿದ್ದವರು ತಿರುಗಿ ನೋಡಿದರು. ಅವನು ಮಾತ್ರ ಫ್ಲೆಕ್ಸಿನಲ್ಲಿದ್ದಂತೆಯೇ ನಗುತ್ತಿದ್ದ.

ಪಟ್ಟಿ ಓದುವ ಸರದಿ ನನ್ನದು. ಕೆಳಗೆ ಕಿಕ್ಕಿರಿದ ಜನ. ಹಿಂದಿನ ಸಾಲುಗಳಲ್ಲಿ ದೇಶನೂರಿನವರು, ಅವರ ನಡುವೆ ಅಕ್ಕನಾಗಮ್ಮ. ಕೊರಿಯಾದಿಂದ ಶುರು ಮಾಡಿದೆ. ನೌಕಾಧಿಪತಿಯ ಸಾವು ಓದುವಾಗ ಮೈ ಉರಿಯಿತು. ನಾನೂರು ವರ್ಷದ ಹಿಂದೆ ಯಾವುದೋ ಕಡಲಲ್ಲಿ ಸತ್ತವನಿಗೆ ಕುರುಗೋಡಿನಲ್ಲಿ ಚಪ್ಪಾಳೆ ಬೀಳುತ್ತದೆ, ಇಲ್ಲೇ ಬಸ್ಸಿಗೆ ಸಿಗುವ ಊರಿನ ಹುಡುಗನಿಗೆ ತಾರೀಖು ಅಡ್ಡ. ಢಾಕಾಕ್ಕೆ ಬಂದು ನಿಲ್ಲಿಸಿದೆ. "ಇಲ್ಲಿ ಯುದ್ಧ ಮುಗಿಯಿತು ಅಂತ ಬರೆದದ್ದು ಸುಳ್ಳು. ಪಶ್ಚಿಮದಲ್ಲಿ ಮರುದಿನ ರಾತ್ರಿ ಎಂಟರವರೆಗೂ ಯುದ್ಧ ನಡೆದಿತ್ತು. ಆ ಯುದ್ಧದಲ್ಲಿ ಮಡಿದವನು ದೇಶನೂರಿನ..."

ಮೈಕು ಸತ್ತಿತು. ಮೈಕ್ ಸೆಟ್ಟಿನ ಹುಡುಗ ಎರ್ರಿ ಚಿದಾನಂದಪ್ಪನ ಮುಖವನ್ನೂ ನನ್ನ ಮುಖವನ್ನೂ ನೋಡುತ್ತ ಕೈ ಹಿಸುಕಿಕೊಳ್ಳುತ್ತಿದ್ದ. ಅವನದೇನು ತಪ್ಪು, ಹೊಟ್ಟೆಪಾಡು. ಆದರೆ ಅರವತ್ತು ಮಕ್ಕಳ ತರಗತಿಯಲ್ಲಿ ಇಪ್ಪತ್ತೆಂಟು ವರ್ಷ ಕಿರುಚಿದ ಗಂಟಲಿಗೆ ಮೈಕು ಯಾತಕ್ಕೆ?

"ದೇಶನೂರಿನ ಜಡೆಪ್ಪ! ಯುದ್ಧದಾಗ ಸತ್ತ ಜಡೆಪ್ಪ!" ಎಂದು ಕೂಗಿದೆ. ಒಂದು ಸಲ ಅಲ್ಲ, ಮೂರು ಸಲ. ಹಿಂದಿನ ಸಾಲುಗಳು ಎದ್ದು ನಿಂತವು. ಚಪ್ಪಾಳೆ ಹಿಂದಿನಿಂದ ಮುಂದಕ್ಕೆ ಬಂತು. ಚಿದಾನಂದಪ್ಪನೂ ತಟ್ಟಿದ, ತಟ್ಟದೆ ವಿಧಿಯಿರಲಿಲ್ಲ.

ಗೆದ್ದ ಉಬ್ಬಿನಲ್ಲಿ ವೇದಿಕೆಯಿಂದಿಳಿದು ಅಕ್ಕನಾಗಮ್ಮನ ಹತ್ತಿರ ಹೋದೆ. ಅಳುತ್ತಾರೆ, ಕೈ ಹಿಡಿಯುತ್ತಾರೆ, ನಿನ್ನ ಹೊಟ್ಟೆ ತಣ್ಣಗಿರಲಿ ಅನ್ನುತ್ತಾರೆ ಎಂದು ಕಾದಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅವರ ಕಣ್ಣು ಒಣಗಿತ್ತು.

"ಇದು ನಿಮಗ ಯಾವಾಗ ಗೊತ್ತಾತು ಟೀಚರಮ್ಮ?"

"ನೀವು ಬಂದು ಹೋದ ದಿನ ಸಂಜಿಗೆ."

"ಅದಕ್ಕ ಮೊದ್ಲು ಹುಡುಗ್ರಿಗೆ ಏನಂತ ಕಲಿಸ್ತಿದ್ರಿ?"

"ಹದಿನಾರಕ್ಕ ಮುಗೀತು ಅಂತ."

"ಸಿರುಗುಪ್ಪದಾಗೂ ಅದನ್ನ ಕಲಿಸಿದ್ರಿ. ನಮ್ಮೂರ ಹುಡುಗ್ರೆಲ್ಲ ನಿಮ್ಮ ಕೈಯಾಗ ಕಲ್ತೋರ. ಕುಡದು ಸತ್ತಿರಬೇಕು ಅನ್ನೋ ಮಾತು ಊರಾಗ ಮೊದ್ಲು ಇದ್ದಿಲ್ಲರಿ. ನಿಮ್ಮ ಪಾಠ ಕಲ್ತು ಬಂದ ಮ್ಯಾಲೆ ಹುಟ್ಟಿದ್ದು." ದನಿ ಏರಲಿಲ್ಲ. ಏರಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. "ನನ್ನ ಮಮ್ಮಗಳು ಶೀಲಾ ಒಂಬತ್ತನೇ ಕ್ಲಾಸಿನ್ಯಾಗಿದ್ದಾಗ ಪರೀಕ್ಷಿ ಪೇಪರ್ ತಂದು ತೋರಿಸಿದ್ಲು. ನೋಡಜ್ಜಿ, ಟೀಚರ್ ರೈಟ್ ಹಾಕ್ಯಾರ, ಯುದ್ಧ ಹದಿನಾರಕ್ಕ ಮುಗದೈತಿ, ಮುತ್ಯಾ ಯುದ್ಧದಾಗ ಸತ್ತಿಲ್ಲ ಅಂದ್ಲು. ಕಪಾಳಕ್ಕ ಹೊಡದೆ. ಅವತ್ತಿಂದ ಆಕಿ ನನಗ ಅಜ್ಜಿ ಅಂದಿಲ್ಲ. ಹನ್ನೆರಡು ವರ್ಷ ಆತು."

ಪುಸ್ತಕ ತಪ್ಪು ಎಂದರೆ ಅದೂ ಸುಳ್ಳು, ಪುಸ್ತಕದಲ್ಲಿ ಸರಿಯಾಗಿಯೇ ಇತ್ತು. ಚಿದಾನಂದಪ್ಪ ಆ ಕಡೆ ಶಾಲು ಹೊದಿಸುತ್ತಿದ್ದ. ಅವನ ಮೇಲೆ ಸಿಟ್ಟು ಬರಲೆಂದು ಎಷ್ಟು ನೋಡಿದರೂ ಬರಲಿಲ್ಲ.

"ಶೀಲಾ ನೀವಿರೂ ಬಳ್ಳಾರ್ಯಾಗನ ಅದಾಳ ಈಗ, ಕೌಲ್ ಬಜಾರದಾಗ ಟೈಲರ್ ಅಂಗಡಿ ಇಟ್ಟಾಳ" ಎಂದರು ಅಕ್ಕನಾಗಮ್ಮ. "ಇಷ್ಟು ಮಂದಿ ಮುಂದ ಕೂಗಿದ್ರಿ, ಚಲೋ ಆತು. ಆಕಿ ಒಬ್ಬಾಕಿ ಮುಂದ ಹೋಗಿ ಹೇಳ್ರಿ, ತಪ್ಪು ನಂದು, ನಿಮ್ಮಜ್ಜಿದಲ್ಲ ಅಂತ. ಕೂಗೂದೇನು ಬ್ಯಾಡ, ಸಣ್ಣಗ ಹೇಳಿದ್ರ ಸಾಕು."

ಮೈಕಿಲ್ಲದೆ ಪೆಂಡಾಲೆಲ್ಲ ಕೇಳುವಂತೆ ಕೂಗಿದವಳಿಗೆ 'ಹೋಗ್ತೀನಿ' ಎಂಬ ಒಂದು ಮಾತು ಬಾಯಿಂದ ಹೊರಡಲಿಲ್ಲ. ತಲೆಯಾಡಿಸಿದೆ. ಅದನ್ನು ಅವರು ನಂಬಲಿಲ್ಲ; ಬಾಯಿಬಿಟ್ಟು ಹೇಳುವ ತನಕ ನನ್ನೆದುರೇ ನಿಂತಿದ್ದರು.