ಹೊಡೆದರು ಅನ್ನುವುದಕ್ಕೆ ಇನ್ನೊಂದು ಮಾತು

ವೃದ್ಧಾಶ್ರಮದ ಬಚ್ಚಲಲ್ಲಿ ಬೆಳಗ್ಗೆ ಬಿದ್ದ ಏಟಿಗೆ ಸಮಾಧಾನಕ್ಕನ ಕೆನ್ನೆ ಇನ್ನೂ ಚುರುಗುಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಎದೆ ಡವಗುಟ್ಟುತ್ತಿತ್ತು. ಇನ್ನೇನು ಡಾಕ್ಟರು ಬರುತ್ತಾರೆ, ಹೊಡೆದ ಅಜ್ಜಿಯ ಮಗಳೂ ಬರುತ್ತಾಳೆ. ಏನಾಯಿತೆಂದು ಅವರ ಮುಂದೆ ಇವಳೇ ಬಾಯಿಬಿಡಬೇಕು. ಸಮಾಧಾನಕ್ಕ ಎಂದು ಹೆಸರಿಟ್ಟವರು ಜೊತೆಯ ಆಯಾಗಳು. ಅವಳ ಒಳಗನ್ನು ಅವರೇನು ಹೊಕ್ಕು ನೋಡಿದ್ದರೇ?

ಅಲ್ಲಿ ಮಾತಿಗೊಂದು ಪಥ್ಯವಿತ್ತು. ಹಟ, ರಂಪ, ಜಗಳಗಂಟಿ ಇವೆಲ್ಲ ದೊಡ್ಡ ನರ್ಸಿಗೆ ಆಗದ ಮಾತುಗಳು. ತಟ್ಟೆ ಬಿಸಾಡಿದರೆ 'ಹಸಿವಿರಲಿಲ್ಲ' ಅನ್ನಬೇಕು. ಬಾಯಿಗೆ ಬಂದಂತೆ ಬೈದರೆ 'ಮನಸ್ಸು ಬಿಚ್ಚಿ ಮಾತಾಡಿದರು'. ಅಜ್ಜನೊಬ್ಬ ಕಚ್ಚಿದಾಗ ಏನನ್ನಬೇಕೆಂದು ಆಯಾಗಳೆಲ್ಲ ತಲೆ ಕೆರೆದುಕೊಂಡಿದ್ದರು. ಹಲ್ಲುಸೆಟ್ಟು ಗಟ್ಟಿಯಾಗಿದೆ ಅಂದರಾಯಿತು ಎಂದು ಅಡುಗೆಯವನು ತೀರ್ಪು ಕೊಟ್ಟಿದ್ದ. ಆದರೆ 'ಹೊಡೆಯುತ್ತಾರೆ' ಎಂಬ ಮಾತಿಗೆ ಮಾತ್ರ ಯಾರೂ ನಗುತ್ತಿರಲಿಲ್ಲ. ಅದು ಎರಡು ಸಲ ಡಾಕ್ಟರ ಕಿವಿಗೆ ಬಿದ್ದರೆ ಆ ಮನುಷ್ಯ ಮೇಲಿನ ಮಹಡಿಗೆ. ಮನೆಯವರ ಒಪ್ಪಿಗೆ ಕೇಳುತ್ತಿದ್ದರು, ಬೇಡ ಎಂದವರು ಈವರೆಗೆ ಯಾರೂ ಇರಲಿಲ್ಲ. ಅಲ್ಲಿ ಬಾಗಿಲಿಗೆ ಹೊರಗಿನಿಂದ ಚಿಲಕ, ಹೊತ್ತು ಹೊತ್ತಿಗೆ ಮಂಪರಿನ ಮಾತ್ರೆ. ನಡೆದು ಹತ್ತಿದವರು ಯಾರೂ ನಡೆದು ಇಳಿದದ್ದಿಲ್ಲ. ಬೆಳಗ್ಗೆ ಹೊಡೆದ ಅಜ್ಜಿಯದು ಹಿಂದೆಯೇ ಒಂದು ಸಲ ಆಗಿಹೋಗಿತ್ತು.

ಹಾಸಿಗೆಯ ಹೊದಿಕೆ ಬದಲಿಸುತ್ತಾ ಸಮಾಧಾನಕ್ಕ ಮಾತು ಹುಡುಕಿದಳು. ಗಾಬರಿಯಾದರು ಅನ್ನಲೇ? ಅದೇನೂ ಸುಳ್ಳಲ್ಲ. ಉಳಿದವರ ಸ್ನಾನಕ್ಕೆ ಹೊತ್ತಾಗುತ್ತದೆಂದು ಇವಳು ಹೇಳದೆ ಕೇಳದೆ ಹಿಂದಿನಿಂದ ತಲೆಗೆ ನೀರು ಸುರಿದಿದ್ದಳು. ಅಜ್ಜಿ ಬೆಚ್ಚಿ ತಿರುಗಿ ಬಾರಿಸಿದ್ದಳು. ಗಾಬರಿ ಅಂದರೆ ಅಜ್ಜಿ ಕೆಳಗೇ ಉಳಿಯುತ್ತಾಳೆ. ಆದರೆ ನಾಳೆ ಇವಳಿಗೆ ರಜೆ, ಬದಲಿಗೆ ಬರುವ ಹೊಸ ಆಯಾ ಬಸುರಿ. ಡಾಕ್ಟರಿಗೆ ಹೇಳಿದಷ್ಟೇ ಅವಳಿಗೂ ತಿಳಿಯುವುದು. ಏನೂ ತಿಳಿಯದೆ ಅವಳು ಆ ಒದ್ದೆ ನೆಲದ ಮೇಲೆ ಏಟು ತಿಂದು ಬಿದ್ದರೆ? ಅತ್ತ ದರಿ, ಇತ್ತ ಪುಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಲಭವಾಗಿ ಹೇಳಿ ಹೋಗಿಬಿಟ್ಟರು. ಆಡಲೇಬೇಕಾದಾಗ ಏನು ಮಾಡಬೇಕೆಂದು ಹೇಳಲಿಲ್ಲ. ಅವಳಿಗೆ ನಿಜಕ್ಕೂ ಭಯವಾಗಿತ್ತು.

ಡಾಕ್ಟರು ಬಂದು ಗಡಿಯಾರ ನೋಡುತ್ತಾ ಕೂತರು. ಪಕ್ಕದಲ್ಲಿ ಅಜ್ಜಿಯ ಮಗಳು. ಆಕೆಗೂ ತಲೆ ನರೆತಿತ್ತು. ಜೋಕೆ ಎಂದು ದೊಡ್ಡ ನರ್ಸು ಕಣ್ಣಲ್ಲೇ ಹೇಳಿದಳು. ಸಮಾಧಾನಕ್ಕ, ಸ್ನಾನದ ಹೊತ್ತಿಗೆ ಅಜ್ಜಿಗೆ ಸ್ವಲ್ಪ ಗಾಬರಿಯಾಯಿತು, ಕೈ ತಾಗಿತು ಎಂದಳು.

ಡಾಕ್ಟರು ತಲೆಯಾಡಿಸಿದರು. ಮಗಳು ಇವಳ ಕೆನ್ನೆಯನ್ನೇ ನೋಡುತ್ತಿದ್ದಳು.

"ನಾನು ಚಿಕ್ಕವಳಿದ್ದಾಗ ಅಮ್ಮ ಹೊಡೆದ್ರೆ ಮನೇಲಿ ಎಲ್ರೂ ಹೀಗೇ ಅಂತಿದ್ರು," ಎಂದಳು ಆಕೆ. "ಪಾಪ, ಸುಸ್ತಾಗಿತ್ತು, ಬೇಜಾರಲ್ಲಿದ್ಲು, ಕೈ ತಾಗ್ತು. ಹೊಡೆದ್ಲು ಅಂತ ಒಬ್ರೂ ಹೇಳ್ಲಿಲ್ಲ."

ಸಮಾಧಾನಕ್ಕ ಕೆನ್ನೆ ಮುಟ್ಟಿಕೊಂಡಳು. ಮಗಳಿಗೆ ಬೇಕಾದ ಆ ಮಾತು ಹೇಳಿದರೆ ಅಜ್ಜಿ ಮೇಲಕ್ಕೆ ಹೋಗುತ್ತಾಳೆ. ಹೇಳದಿದ್ದರೆ ಆ ಮನೆಯವರ ಸಾಲಿಗೆ ತಾನೂ ಸೇರಿದಂತೆ. ನರ್ಸಿನ ಮುಖ ನೋಡುವುದನ್ನು ಬಿಟ್ಟಳು.

"ಹೊಡೆದ್ರು, ಮೇಡಂ. ಜೋರಾಗೇ ಹೊಡೆದ್ರು. ನಾನು ಹೇಳ್ದೇ ಕೇಳ್ದೇ ಹಿಂದಿನಿಂದ ನೀರು ಹಾಕ್ದೆ, ಅದಕ್ಕೆ ಹೊಡೆದ್ರು. ಎದುರಿಗೆ ನಿಂತು, ಹೇಳಿ ಹಾಕಿದ ದಿನ ಹೊಡೆದಿಲ್ಲ. ನಾಳೆ ಬರೋಳಿಗೂ ಇದಿಷ್ಟೂ ಗೊತ್ತಿರ್ಬೇಕು."

ನರ್ಸು ಹಣೆ ಒತ್ತಿಕೊಂಡಳು. ಇದು ಎರಡನೇ ಸಲ, ಮೇಲಿನ ಮಹಡಿಗೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಡಾಕ್ಟರು ಮಗಳನ್ನು ಕೇಳಿದರು. ಆಕೆ ಎದ್ದು ನಿಂತಳು.

"ಬೇಡ, ಕೆಳಗೇ ಇರ್ಲಿ. ಎದುರಿಗೆ ನಿಂತು ನೀರು ಹಾಕ್ಲಿ," ಎಂದಳು ಮಗಳು. "ಆದ್ರೆ ಹೊಡೆದ್ಲು ಅನ್ನೋ ಮಾತನ್ನ ಯಾರೂ ಬದಲಾಯಿಸ್ಬೇಡಿ."

ಆಮೇಲೆ ಸಮಾಧಾನಕ್ಕನ ಹತ್ತಿರ ಬಂದು, ತುಂಬ ನೋವಾಯ್ತಾ ಎಂದು ಕೇಳಿದಳು. ಚಿಕ್ಕಂದಿನಲ್ಲಿ ಆಕೆಯನ್ನು ಯಾರೂ ಎಂದೂ ಹೀಗೆ ಕೇಳಿರಲಿಲ್ಲವೇನೋ ಎಂದು ಹೊಳೆದು, ಇವಳು ಪರವಾಗಿಲ್ಲ ಅನ್ನಲು ಹೊರಟವಳು ಹೂಂ, ನೋವಾಯ್ತು ಎಂದಳು.